ಜನ ಜಾಸ್ತಿಯೋ, ಬಳಕೆ ಜಾಸ್ತಿಯೋ? ಹವಾಮಾನದ ಬಗ್ಗೆ ನಮ್ಮ ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನದ ಮಾಷ್ಟ್ರು. ಕೆಲವು ವರ್ಷಗಳಿಂದ ಊರಿನ ಗ್ರಂಥಾಲಯಗಳಲ್ಲಿ, ಕುಟುಂಬಶ್ರೀ ಮಹಿಳಾ ಸಂಘದ ಸಭೆಗಳಲ್ಲಿ, ಶಾಲೆಯ ರಕ್ಷಕರ ಸಭೆಗಳಲ್ಲಿ ಹವಾಮಾನದ ಬಗ್ಗೆ ಮಾತಾಡುತ್ತಾ ಇದ್ದೇನೆ. ಮಾತು ಮುಗಿದ ಮೇಲೆ ಹೆಚ್ಚಾಗಿ ಮೊದಲು ಬರುವ ಪ್ರಶ್ನೆ ಒಂದೇ: "ಎಲ್ಲದಕ್ಕೂ ಜನಸಂಖ್ಯೆಯೇ ಕಾರಣ ಅಲ್ವಾ?" ಕಾಗದ ಬರೆದು ಕೇಳಿದವರಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತು ಕೇಳಿದವರೂ ಇದ್ದಾರೆ. ಅವರಿಗೆಲ್ಲ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಬಾಯಿಮಾತಿನಲ್ಲೇ ಇವೆ.

## ಮೊದಲಿಗೆ ಎಲ್ಲರೂ ಕೇಳುವುದು

ಹವೆ ಬಿಸಿಯಾಗುವುದಕ್ಕೂ ಜನ ಜಾಸ್ತಿ ಆಗುವುದಕ್ಕೂ ಸಂಬಂಧವೇ ಇಲ್ಲ ಅಂತ ಹೇಳ್ತೀರಾ?

ಇಲ್ಲ, ಹಾಗೆ ಹೇಳುವುದಿಲ್ಲ. ಸಂಬಂಧ ಇದೆ. 1950ರಲ್ಲಿ ಪ್ರಪಂಚದ ಜನ ಸುಮಾರು 250 ಕೋಟಿ. 2022ರ ನವೆಂಬರಿನಲ್ಲಿ 800 ಕೋಟಿ ದಾಟಿತು. ಅದೇ ಅವಧಿಯಲ್ಲಿ ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಉರಿಸಿ ನಾವು ಗಾಳಿಗೆ ಬಿಡುವ ಕಾರ್ಬನ್ ಡೈ ಆಕ್ಸೈಡ್ ವರ್ಷಕ್ಕೆ 600 ಕೋಟಿ ಟನ್ನಿನಿಂದ ಸುಮಾರು 3,700 ಕೋಟಿ ಟನ್ನಿಗೆ ಏರಿತು. ಜನ ಮೂರು ಪಟ್ಟು, ಹೊಗೆ ಆರು ಪಟ್ಟು. (ಹವೆ ಬಿಸಿ ಮಾಡುವ ಈ ಕಾರ್ಬನ್ ಡೈ ಆಕ್ಸೈಡನ್ನೇ ನಾನು ಇಲ್ಲಿ ಹೊಗೆ ಎನ್ನುವುದು.)

ಇದನ್ನು ನೋಡಿ "ಅರ್ಧ ತಪ್ಪು ಜನಸಂಖ್ಯೆಯದ್ದೇ ಆಯಿತಲ್ಲ" ಎನ್ನುವವರಿದ್ದಾರೆ. ಇಡೀ ಪ್ರಪಂಚವನ್ನು ಒಂದೇ ಮನೆ ಅಂದುಕೊಂಡರೆ ಮಾತ್ರ ಆ ಲೆಕ್ಕ ಸರಿ. ಆದರೆ ಜನ ಹೆಚ್ಚಿದ ಊರುಗಳೇ ಬೇರೆ, ಹೊಗೆ ಹೆಚ್ಚಿದ ಊರುಗಳೇ ಬೇರೆ. ಆಫ್ರಿಕಾದ ನೈಜರ್ ದೇಶದಲ್ಲಿ ಎರಡೂವರೆ ಕೋಟಿಗಿಂತ ಹೆಚ್ಚು ಜನ ಇದ್ದಾರೆ. ಮನೆಯೊಂದಕ್ಕೆ ಆರೇಳು ಮಕ್ಕಳು. ಕತಾರಿನಲ್ಲಿ ಇರುವುದು ಸುಮಾರು 30 ಲಕ್ಷ ಜನ. ಹಾಗಿದ್ದರೂ ಕತಾರಿನ ಹೊಗೆ ನೈಜರಿನದಕ್ಕಿಂತ ಹತ್ತಾರು ಪಟ್ಟು ಜಾಸ್ತಿ.

ಒಬ್ಬೊಬ್ಬನ ಲೆಕ್ಕಕ್ಕೆ ಎಷ್ಟು ಬೀಳ್ತದೆ, ಅದನ್ನು ಹೇಳಿ.

ಒಂದು ವರ್ಷಕ್ಕೆ, ಸರಾಸರಿಯಾಗಿ: ಅಮೆರಿಕದಲ್ಲಿ ಒಬ್ಬರಿಗೆ ಸುಮಾರು 14 ಟನ್, ಚೀನಾದಲ್ಲಿ ಸುಮಾರು 8, ಪ್ರಪಂಚದ ಸರಾಸರಿ ಐದಕ್ಕೆ ಸ್ವಲ್ಪ ಕಡಿಮೆ, ಭಾರತದಲ್ಲಿ ಸುಮಾರು 2 ಟನ್. ನೈಜರಿನಲ್ಲಿ ಒಂದು ಟನ್ನಿನ ಹತ್ತನೇ ಒಂದು ಪಾಲು.

ಆದರೆ ಮಾಷ್ಟ್ರೇ, ಒಟ್ಟು ಹೊಗೆಯಲ್ಲಿ ಭಾರತ ಮೂರನೇ ಸ್ಥಾನದಲ್ಲಿ ಉಂಟಲ್ಲ?

ಹೌದು, ಚೀನಾ ಮತ್ತು ಅಮೆರಿಕದ ನಂತರ ನಾವೇ. ಇಷ್ಟು ದೊಡ್ಡ ದೇಶಕ್ಕೆ ಅದು ಸಹಜ. ಪ್ರಪಂಚದ ಜನರಲ್ಲಿ ಶೇ. 17ಕ್ಕಿಂತ ಹೆಚ್ಚು ಜನ ಇಲ್ಲಿದ್ದಾರೆ. ಹೊಗೆಯಲ್ಲಿ ನಮ್ಮ ಪಾಲು ಸುಮಾರು ಶೇ. 8.

ಇನ್ನೊಂದು ವಿಷಯ ಇದೆ, ಅದನ್ನು ತುಂಬಾ ಜನ ಮರೆಯುತ್ತಾರೆ. ಇವತ್ತು ಬಿಟ್ಟ ಕಾರ್ಬನ್ ಡೈ ಆಕ್ಸೈಡ್ ನಾಳೆ ಮಾಯವಾಗುವುದಿಲ್ಲ. ಅದರ ಒಂದು ದೊಡ್ಡ ಪಾಲು ನೂರಾರು ವರ್ಷ ಗಾಳಿಯಲ್ಲೇ ಇರುತ್ತದೆ. ಹಾಗಾಗಿ ಹಳೇ ಬಾಕಿಯನ್ನೂ ನೋಡಬೇಕು. ಕೈಗಾರಿಕೆ ಶುರುವಾದ ಕಾಲದಿಂದ ಇಲ್ಲಿಯ ತನಕ ಕಲ್ಲಿದ್ದಲು, ಎಣ್ಣೆ ಉರಿಸಿ ಬಂದ ಒಟ್ಟು ಹೊಗೆಯಲ್ಲಿ ಅಮೆರಿಕದ್ದು ಸುಮಾರು ಕಾಲು ಭಾಗ. ಭಾರತದ್ದು ಶೇ. 3ರಿಂದ 4. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಪಾಲು ಇದ್ದ ಕಾರ್ಬನ್ ಡೈ ಆಕ್ಸೈಡ್ 420 ದಾಟಿದ್ದು ಈ ಹಳೇ ಹೊಗೆ ಎಲ್ಲ ಸೇರಿ.

ದೇಶ ದೇಶದ ಲೆಕ್ಕ ಬಿಡಿ. ಶ್ರೀಮಂತ, ಬಡವ ಅಂತ ನೋಡಿದರೆ?

ಆಗ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಪ್ರಪಂಚದ ಜನರನ್ನು ಆದಾಯದ ಸಾಲಿನಲ್ಲಿ ನಿಲ್ಲಿಸಿದರೆ, ಮೇಲಿನ ಶೇ. 10 ಮಂದಿಯಿಂದ ಸುಮಾರು ಅರ್ಧ ಹೊಗೆ ಬರುತ್ತದೆ. ಕೆಳಗಿನ ಅರ್ಧದಷ್ಟು ಜನರೆಲ್ಲ ಸೇರಿದರೂ ಶೇ. 8ರಿಂದ 12 ಅಷ್ಟೇ. ಲೆಕ್ಕ ಹಾಕುವ ಕ್ರಮದ ಮೇಲೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಚಿತ್ರ ಬದಲಾಗುವುದಿಲ್ಲ. ವಿಮಾನದ ಲೆಕ್ಕ ತೆಗೆಯಿರಿ. 2018ರಲ್ಲಿ ವಿಮಾನ ಹತ್ತಿದವರು ಪ್ರಪಂಚದ ನೂರರಲ್ಲಿ ಹನ್ನೊಂದು ಜನ ಮಾತ್ರ. ಉಳಿದ 89 ಜನ ಆ ವರ್ಷ ವಿಮಾನದ ಮೆಟ್ಟಿಲನ್ನೇ ತುಳಿದಿಲ್ಲ.

ಈ ಸಾಲು ನಮ್ಮ ಪಂಚಾಯತಿನ ಒಳಗೂ ಇದೆ. ಎರಡು ಕಾರು, ನಾಲ್ಕು ಏಸಿ ಇರುವ ಮನೆ, ಕಾಲನಿಯ ಎರಡು ಕೋಣೆಯ ಮನೆ, ಎರಡಕ್ಕೂ ವಾರ್ಡ್ ನಂಬರು ಒಂದೇ.

## ನಮ್ಮ ಊರಿನ ಪ್ರಶ್ನೆಗಳು

ಕೇರಳದಲ್ಲಿ ಕಾಲಿಡಲು ಜಾಗ ಇಲ್ಲ. ಇಲ್ಲಿ ಕೂತು ಜನಸಂಖ್ಯೆ ಸಮಸ್ಯೆ ಅಲ್ಲ ಅಂತ ಹೇಗೆ ಹೇಳ್ತೀರಿ?

ಇಕ್ಕಟ್ಟು ನಿಜ. 2011ರ ಜನಗಣತಿ ಪ್ರಕಾರ ಕೇರಳದಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು 860 ಜನ. ಗಡಿ ದಾಟಿ ಕರ್ನಾಟಕಕ್ಕೆ ಹೋದರೆ 319. ನಮ್ಮ ಜಿಲ್ಲೆಯಲ್ಲಿ ಒಟ್ಟು 13 ಲಕ್ಷ ಜನ.

ಈಗ ಇನ್ನೊಂದು ಅಂಕಿ ನೋಡಿ. 2001ರಿಂದ 2011ರ ಹತ್ತು ವರ್ಷದಲ್ಲಿ ಕೇರಳದ ಜನ ಹೆಚ್ಚಿದ್ದು ಸುಮಾರು ಶೇ. 5. ಮನೆ, ಕಟ್ಟಡಗಳು ಹೆಚ್ಚಿದ್ದು ಸುಮಾರು ಶೇ. 20. ಅದೇ ಜನಗಣತಿಯಲ್ಲಿ ಬೀಗ ಹಾಕಿದ, ಯಾರೂ ಇಲ್ಲದ ಮನೆಗಳು ಹತ್ತು ಲಕ್ಷಕ್ಕಿಂತ ಜಾಸ್ತಿ ಸಿಕ್ಕವು. ಜನ ನಿಧಾನವಾಗಿ ಹೆಚ್ಚಿದರು, ಸಿಮೆಂಟು ಓಡಿತು.

ನಾನೊಂದು ಅಂದಾಜು ಹಾಕಿ ಮಕ್ಕಳಿಗೆ ಹೇಳುವುದುಂಟು. ಎರಡು ಸಾವಿರ ಚದರ ಅಡಿಯ ತಾರಸಿ ಮನೆಗೆ 35ರಿಂದ 40 ಟನ್ ಸಿಮೆಂಟು ಬೇಕು. ಅಷ್ಟು ಸಿಮೆಂಟು ತಯಾರಾಗುವಾಗ 20 ಟನ್ನಿಗೂ ಮೇಲೆ ಕಾರ್ಬನ್ ಡೈ ಆಕ್ಸೈಡ್ ಹೊರಗೆ ಬರುತ್ತದೆ. ಸುಣ್ಣಕಲ್ಲನ್ನು ಸುಡುವಾಗ ಕಲ್ಲಿನ ಒಳಗಿನಿಂದಲೇ ಬರುವುದು ಒಂದು ಪಾಲು, ಗೂಡು ಉರಿಸುವ ಕಲ್ಲಿದ್ದಲಿನಿಂದ ಬರುವುದು ಇನ್ನೊಂದು ಪಾಲು. ಕಬ್ಬಿಣ, ಟೈಲ್ಸು, ಲಾರಿಯ ಡೀಸೆಲು ಇದರಲ್ಲಿ ಸೇರಿಲ್ಲ. ಒಬ್ಬ ಸರಾಸರಿ ಭಾರತೀಯ ಹತ್ತು ವರ್ಷ ಬದುಕಿದರೆ ಬರುವ ಹೊಗೆ ಅದು. ಮನೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ವರ್ಷಕ್ಕೆ ಹದಿನೈದು ದಿನ ಮಾತ್ರ ಬಾಗಿಲು ತೆರೆಯುವ ಮನೆ ಬೇಕಾ ಅನ್ನುವುದು ನನ್ನ ಪ್ರಶ್ನೆ. ಅದಕ್ಕೋಸ್ಕರ ಒಂದು ಗುಡ್ಡದ ಕೆಂಪುಕಲ್ಲು ಹೋಗುತ್ತದೆ, ಕೋರೆಯ ಗುಂಡಿ ಉಳಿಯುತ್ತದೆ.

ನಮ್ಮ ಮಕ್ಕಳೆಲ್ಲ ಗಲ್ಫಿನಲ್ಲಿದ್ದಾರೆ. ಊರಿನಲ್ಲಿ ಜನ ಕಡಿಮೆ ಆದರೆ ಒಳ್ಳೆಯದೇ ಅಲ್ವಾ?

ಒಬ್ಬ ಹಿರಿಯರು ಉಪ್ಪಳದಲ್ಲಿ ಈ ಪ್ರಶ್ನೆ ಕೇಳಿದರು. ಅವತ್ತಿನಿಂದ ನಾನು ಇದನ್ನೇ ಉದಾಹರಣೆಯಾಗಿ ಹೇಳುತ್ತಿದ್ದೇನೆ.

ನನ್ನ ಚಿಕ್ಕಪ್ಪನ ಮಗ ದುಬೈಯಲ್ಲಿದ್ದಾನೆ. ಊರಿನಲ್ಲಿದ್ದಾಗ ಅವನಿಗೆ ಬಾವಿ ನೀರು, ಒಂದು ಫ್ಯಾನು, ಹೋಗಿ ಬರಲು ಬಸ್ಸು. ಅಲ್ಲಿ ಹಗಲೂ ರಾತ್ರಿ ಏಸಿ. ಕುಡಿಯುವ ನೀರು ಕೂಡ ಸಮುದ್ರದ ಉಪ್ಪುನೀರನ್ನು ಯಂತ್ರದಲ್ಲಿ ಸಿಹಿ ಮಾಡಿ ಬರುವಂಥದ್ದು, ಅದಕ್ಕೆ ತುಂಬಾ ಕರೆಂಟು ಬೇಕು. ಕಚೇರಿಗೆ ಕಾರು. ಊರಿಗೆ ಒಮ್ಮೆ ಬಂದು ಹೋದರೆ ವಿಮಾನದ ಹೊಗೆಯಲ್ಲಿ ಅವನ ಪಾಲು ಅರ್ಧ ಟನ್ನಿನ ಹತ್ತಿರ. ದುಬೈ ಇರುವ ಯು.ಎ.ಇ. ದೇಶದ ತಲಾ ಹೊಗೆ ಭಾರತದ್ದಕ್ಕಿಂತ ಸುಮಾರು ಹತ್ತು ಪಟ್ಟು. ಅವನು ವಿಮಾನ ಹತ್ತಿದ ದಿನ ಪ್ರಪಂಚಕ್ಕೆ ಒಂದು ತಲೆಯೂ ಸೇರಲಿಲ್ಲ. ಅವನ ಲೆಕ್ಕದ ಹೊಗೆ ಮಾತ್ರ ಏರಿತು.

ಇಲ್ಲಿ ಎರಡು ಮಾತು ಸೇರಿಸಲೇಬೇಕು. ಆ ಹತ್ತು ಪಟ್ಟಿನಲ್ಲಿ ಎಣ್ಣೆಬಾವಿಗಳ, ದೊಡ್ಡ ಕಾರ್ಖಾನೆಗಳ ಹೊಗೆಯೂ ಸೇರಿದೆ. ಒಂದು ಕೋಣೆಯಲ್ಲಿ ಎಂಟು ಜನ ಮಲಗುವ ಕೂಲಿಯವನ ಪಾಲು ಅಷ್ಟಿಲ್ಲ. ಮತ್ತೆ, ಅಲ್ಲಿಂದ ತೆಗೆದ ಎಣ್ಣೆ ನನ್ನ ಸ್ಕೂಟರಿನಲ್ಲೂ ಉರಿಯುತ್ತದೆ. ಹೊಟ್ಟೆಪಾಡಿಗೆ ಹೋದವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಅವರು ಕಳುಹಿಸಿದ ಹಣದಲ್ಲೇ ಈ ಊರಿನ ಎಷ್ಟೋ ಹೆಣ್ಣುಮಕ್ಕಳು ಓದಿದ್ದಾರೆ.

ಬಾಯಿ ಬಿಟ್ಟು ಕೇಳ್ತೇನೆ. ಒಂದು ಸಮುದಾಯದವರಿಗೆ ಮಕ್ಕಳು ಜಾಸ್ತಿ ಅಲ್ವಾ? ಅವರಿಂದಲೇ ಇದೆಲ್ಲ ಅಂತ ಹೇಳ್ತಾರೆ.

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಬೇಸರವಾಗುತ್ತದೆ. ಉತ್ತರ ಕೊಡದೆ ಬಿಟ್ಟರೆ ಮಾತು ಹಾಗೇ ಬೆಳೆಯುತ್ತದೆ, ಅದಕ್ಕೇ ಅಂಕಿ ಸಹಿತ ಹೇಳುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ದೇಶದ ಮುಸ್ಲಿಂ ಮಹಿಳೆಗೆ ಸರಾಸರಿ 4.4 ಮಕ್ಕಳು, ಹಿಂದೂ ಮಹಿಳೆಗೆ 3.3. 2019-21ರಲ್ಲಿ 2.4 ಮತ್ತು 1.9. ಎರಡೂ ಇಳಿದಿವೆ, ಅಂತರವೂ ಅರ್ಧಕ್ಕಿಂತ ಕಡಿಮೆಯಾಗಿದೆ. ಕೇರಳದ ಮುಸ್ಲಿಂ ಕುಟುಂಬ ಬಿಹಾರದ ಹಿಂದೂ ಕುಟುಂಬಕ್ಕಿಂತ ಚಿಕ್ಕದು. ಮಕ್ಕಳ ಸಂಖ್ಯೆಯನ್ನು ಹೆಚ್ಚಾಗಿ ತೀರ್ಮಾನಿಸುವುದು ತಾಯಿಯ ಓದು, ಹುಟ್ಟಿದ ಮಗು ಬದುಕಿ ಉಳಿಯುತ್ತದೆ ಎಂಬ ಭರವಸೆ, ಹತ್ತಿರದ ಆರೋಗ್ಯ ಕೇಂದ್ರ. ಹೊಗೆಯಂತೂ ಜಾತಿ ಧರ್ಮ ನೋಡಿ ಏರುವುದಿಲ್ಲ. ಕರೆಂಟು ಬಿಲ್ಲು, ಪೆಟ್ರೋಲ್ ಬಿಲ್ಲು ನೋಡಿ ಏರುತ್ತದೆ.

ಅಜ್ಜನ ಕಾಲದಲ್ಲಿ ಸುರಂಗದ ನೀರೇ ಸಾಕಾಗ್ತಿತ್ತು. ಈಗ ಬೋರಿನಲ್ಲೂ ನೀರಿಲ್ಲ. ಜನ ಜಾಸ್ತಿ ಆದದ್ದಕ್ಕೇ ಅಲ್ವಾ?

ಇದು ನೇರವಾಗಿ ಹವಾಮಾನದ ಪ್ರಶ್ನೆ ಅಲ್ಲ. ಆದರೆ ತಲೆ ಎಣಿಸುವ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಮ್ಮ ಮನೆಯಲ್ಲಿ ಒಂದು ಎಕ್ರೆ ಅಡಿಕೆ ಇದೆ, ಸುಮಾರು 550 ಮರ. ಹನಿ ನೀರಾವರಿಯಲ್ಲೇ ಒಂದು ಮರಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ದಿನಕ್ಕೆ ಹತ್ತು ಸಾವಿರ ಲೀಟರ್. ಐದು ಜನರ ಮನೆ ಸ್ನಾನ, ಬಟ್ಟೆ, ಅಡಿಗೆ ಎಲ್ಲ ಸೇರಿ ಬಳಸುವುದು ಆರೇಳು ನೂರು ಲೀಟರ್. ಹಾಗಾದರೆ ನನ್ನ ಒಂದು ಎಕ್ರೆ ತೋಟ ಹದಿನೈದು ಮನೆಯ ನೀರು ಕುಡಿಯುತ್ತದೆ. ಹನಿ ಬಿಟ್ಟು ನೀರು ಚಿಮ್ಮಿಸುವ ಜೆಟ್ ಹಾಕಿದರೆ ಇನ್ನೂ ಜಾಸ್ತಿ.

ಸುರಂಗ ಎಂದರೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ ದಾರಿ. ನೀರು ತಾನಾಗಿ ಹರಿದು ಬರುತ್ತದೆ. ಗುಡ್ಡ ಕೊಟ್ಟಷ್ಟೇ ನಮಗೆ, ಎಳೆದು ತೆಗೆಯಲು ದಾರಿಯಿಲ್ಲ. ಎನ್ಮಕಜೆ, ಬಾಯಾರು ಕಡೆ ತಲೆಮಾರುಗಳು ಹಾಗೆ ಬದುಕಿದವು. ಬೇಸಗೆಗೆ ಮೊದಲು ಊರವರೆಲ್ಲ ಸೇರಿ ತೋಡಿಗೆ, ಅಂದರೆ ಸಣ್ಣ ಹೊಳೆಗೆ, ಅಡ್ಡಲಾಗಿ ಕಟ್ಟ ಹಾಕುತ್ತಿದ್ದರು, ನೀರು ನಿಂತು ಮಣ್ಣಿಗೆ ಇಳಿಯುತ್ತಿತ್ತು. ಬೋರು, ಪಂಪು ಬಂದ ಮೇಲೆ ಆ ಮಿತಿ ಹೋಯಿತು, ಹೆಚ್ಚಿನ ಕಡೆ ಕಟ್ಟವೂ ನಿಂತಿತು. ಜನ ಸ್ವಲ್ಪ ಹೆಚ್ಚಿದ್ದು ನಿಜ. ಎಳೆಯುವ ನೀರು ಹೆಚ್ಚಿದ್ದು ಅದರ ಎಷ್ಟೋ ಪಟ್ಟು.

ಒಂದು ಏಸಿಯಿಂದ ಪ್ರಪಂಚ ಹಾಳಾಗ್ತದಾ?

ಒಂದರಿಂದ ಇಲ್ಲ. ಲೆಕ್ಕ ಗೊತ್ತಿರಲಿ ಅಷ್ಟೇ. ಒಂದು ರಾತ್ರಿಗೆ ಹತ್ತು ಯೂನಿಟ್ ಅಂದುಕೊಳ್ಳಿ. ಕೇರಳ ತನ್ನ ಕರೆಂಟಿನ ಹೆಚ್ಚಿನ ಪಾಲನ್ನು ಹೊರಗಿನಿಂದ ತರುತ್ತದೆ, ದೇಶದ ಕರೆಂಟಿನ ಸುಮಾರು ಮುಕ್ಕಾಲು ಭಾಗ ಕಲ್ಲಿದ್ದಲಿನದು. ಯೂನಿಟ್ಟಿಗೆ ಸುಮಾರು 700 ಗ್ರಾಂ ಕಾರ್ಬನ್ ಡೈ ಆಕ್ಸೈಡ್ ಬರುತ್ತದೆ. ಬೇಸಗೆಯ ನೂರು ರಾತ್ರಿಗೆ 700 ಕಿಲೋ, ಅಂದರೆ ಒಬ್ಬ ಭಾರತೀಯನ ಇಡೀ ವರ್ಷದ ಪಾಲಿನಲ್ಲಿ ಮೂರನೇ ಒಂದು. ಸೆಕೆಗೆ ಉಸಿರು ಕಟ್ಟುವ ಅಜ್ಜಿಗೆ ಏಸಿ ಬೇಕು ಅಂತಾದರೆ ಹಾಕಲೇಬೇಕು. ತಾರಸಿಯಲ್ಲಿ ಸೋಲಾರ್ ಇದ್ದರೆ ಈ ಲೆಕ್ಕ ತುಂಬಾ ಇಳಿಯುತ್ತದೆ. 2024ರಿಂದ ಕೇಂದ್ರ ಸರಕಾರ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಕೊಡುತ್ತಿದೆ.

ಮದುವೆ ಊಟದಲ್ಲಿ ಎಲೆಯಲ್ಲಿ ಬಿಟ್ಟ ಅನ್ನಕ್ಕೂ ಹವೆಗೂ ಎಂತ ಸಂಬಂಧ?

ಭತ್ತದ ಗದ್ದೆಯ ನಿಂತ ನೀರಿನಿಂದ, ಕೊಳೆಯುವ ಅನ್ನದಿಂದ ಮೀಥೇನ್ ಬರುತ್ತದೆ, ಅದೂ ಹವೆ ಬಿಸಿ ಮಾಡುವ ಅನಿಲ. ಗೊಬ್ಬರ, ಲಾರಿ, ಗ್ಯಾಸಿನ ಹೊಗೆ ಬೇರೆ. 2022ರಲ್ಲಿ ಪ್ರಪಂಚದಲ್ಲಿ ಮನೆ, ಹೋಟೆಲು, ಅಂಗಡಿಗಳಿಂದ ಬಿಸಾಡಿದ ಆಹಾರ 105 ಕೋಟಿ ಟನ್. ಜನ ಜಾಸ್ತಿಯಾಗಿ ಅನ್ನ ಸಾಲುತ್ತಿಲ್ಲ ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಅಂಕಿಯನ್ನೇ.

## ಇನ್ನೂ ಸ್ವಲ್ಪ ಆಳಕ್ಕೆ

ವಿಜ್ಞಾನಿಗಳ ವರದಿಯಲ್ಲೇ ಜನಸಂಖ್ಯೆ ದೊಡ್ಡ ಕಾರಣ ಅಂತ ಉಂಟು. ನೀವು ಅದನ್ನು ಮುಚ್ಚಿಡ್ತೀರಾ?

ಒಬ್ಬ ಕಾಲೇಜು ಹುಡುಗ ಕೇಳಿದ ಪ್ರಶ್ನೆ, ಓದಿಕೊಂಡು ಬಂದಿದ್ದ. ಅವನು ಹೇಳಿದ್ದು ಸರಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2022ರ ವರದಿ, ಹೊಗೆ ಏರಲು ಬಲವಾದ ಕಾರಣ ಎರಡು ಎನ್ನುತ್ತದೆ: ತಲಾ ಸಂಪತ್ತು ಏರಿದ್ದು, ಜನ ಹೆಚ್ಚಿದ್ದು. ಅದೇ ವರದಿಯ ಅಂಕಿಯಲ್ಲಿ 2010ರಿಂದ 2019ರ ತನಕ ತಲಾ ಸಂಪತ್ತು ವರ್ಷಕ್ಕೆ ಶೇ. 2.3 ಏರಿದರೆ ಜನ ಏರಿದ್ದು ಶೇ. 1.2. ಒಂದು ಇನ್ನೊಂದರ ಸುಮಾರು ಎರಡು ಪಟ್ಟು.

ಚೀನಾವನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 2000ದಿಂದ 2023ರ ತನಕ ಅಲ್ಲಿ ಜನ ಹೆಚ್ಚಿದ್ದು ನೂರಕ್ಕೆ ಹನ್ನೊಂದೋ ಹನ್ನೆರಡೋ. ಹೊಗೆ ಮೂರು ಪಟ್ಟಿಗಿಂತ ಜಾಸ್ತಿ ಆಯಿತು. 2015ರ ತನಕ ಒಂದೇ ಮಗು ಎಂಬ ಕಾನೂನು ಇದ್ದ ದೇಶ ಅದು. ಬ್ರಿಟನ್ನಿನಲ್ಲಿ ತಿರುಗಾಮುರುಗಾ. 1990ರ ನಂತರ ಒಂದು ಕೋಟಿಯಷ್ಟು ಜನ ಹೆಚ್ಚಿದರು, ದೇಶದ ಒಳಗಿನ ಹೊಗೆ ಸುಮಾರು ಅರ್ಧಕ್ಕೆ ಇಳಿಯಿತು. ಕಲ್ಲಿದ್ದಲು ಬಿಟ್ಟದ್ದು ಮುಖ್ಯ ಕಾರಣ. ಕೊನೆಯ ಕಲ್ಲಿದ್ದಲು ಕರೆಂಟು ಸ್ಥಾವರವನ್ನು 2024ರ ಸೆಪ್ಟೆಂಬರಿನಲ್ಲಿ ಮುಚ್ಚಿದರು. ಸಾಮಾನು ತಯಾರಿಕೆ ಹೊರದೇಶಕ್ಕೆ ಹೋದದ್ದೂ ಒಂದು ಕಾರಣ, ಅದನ್ನೂ ಹೇಳಬೇಕು.

ಜನ, ಸಂಪತ್ತು, ತಂತ್ರಜ್ಞಾನ, ಈ ಮೂರನ್ನು ಗುಣಿಸುವ ಸೂತ್ರ ಉಂಟಲ್ಲ? ಅದರಲ್ಲಿ ಜನಸಂಖ್ಯೆಯೇ ಮೊದಲು ಬರ್ತದೆ.

ಎರ್ಲಿಕ್ ಮತ್ತು ಹೋಲ್ಡ್ರನ್ ಎಂಬ ಅಮೆರಿಕದ ವಿಜ್ಞಾನಿಗಳು 1970ರ ದಶಕದ ಆರಂಭದಲ್ಲಿ ಚರ್ಚಿಸಿದ ಸೂತ್ರ ಅದು. ಆಮೇಲೆ ಜಪಾನಿನ ಕಾಯಾ ಎಂಬವರು ಹೊಗೆಗೆ ಹೊಂದುವಂತೆ ಬೇರೆ ರೂಪ ಕೊಟ್ಟರು. ಜನ, ಒಬ್ಬೊಬ್ಬರ ಸಂಪತ್ತು, ಅಷ್ಟು ಸಂಪತ್ತಿಗೆ ಬೇಕಾದ ಶಕ್ತಿ, ಅಷ್ಟು ಶಕ್ತಿಗೆ ಏಳುವ ಹೊಗೆ. ನಾಲ್ಕನ್ನೂ ಗುಣಿಸಬೇಕು.

ಗುಣಾಕಾರದಲ್ಲಿ ಯಾವುದು ಮೊದಲು ಬಂದರೂ ಉತ್ತರ ಒಂದೇ. ನಾನು ಮಕ್ಕಳಿಗೆ ಬೇರೆ ಪ್ರಶ್ನೆ ಕೇಳುತ್ತೇನೆ: ಈ ನಾಲ್ಕರಲ್ಲಿ ಯಾವುದನ್ನು ಸೊನ್ನೆ ಮಾಡಬಹುದು? ಜನರನ್ನು ಸೊನ್ನೆ ಮಾಡಲು ಆಗುವುದಿಲ್ಲ. ಸಂಪತ್ತನ್ನು ಮಾಡಬಾರದು. ಶಕ್ತಿ ಇಲ್ಲದೆ ಅನ್ನ ಬೇಯುವುದಿಲ್ಲ. ಸೊನ್ನೆಯ ಹತ್ತಿರ ತರಬಹುದಾದ್ದು ಕೊನೆಯದು ಮಾತ್ರ, ಅಂದರೆ ಹೊಗೆಯಿಲ್ಲದ ಶಕ್ತಿ. ಅದು ಬರುವ ತನಕ ಜಾಸ್ತಿ ಬಳಸುವವರು ಕಡಿಮೆ ಮಾಡಬೇಕು. ಏಳನೇ ಕ್ಲಾಸಿನ ಮಕ್ಕಳಿಗೆ ಇದು ಬೇಗ ಹೊಳೆಯುತ್ತದೆ.

ಕಡ್ಡಾಯವಾಗಿ ಜನಸಂಖ್ಯೆ ಇಳಿಸಿದರೆ ಬೇಗ ಪರಿಹಾರ ಸಿಗ್ತದಲ್ಲ?

ಸಿಗುವುದಿಲ್ಲ. ಇವತ್ತು ಎಲ್ಲರೂ ಎರಡೇ ಮಕ್ಕಳಿಗೆ ನಿಲ್ಲಿಸಿದರೂ ಜನಸಂಖ್ಯೆ ಕೆಲವು ದಶಕ ಏರುತ್ತಲೇ ಇರುತ್ತದೆ, ಏಕೆಂದರೆ ನಿನ್ನೆ ಹುಟ್ಟಿದ ಮಕ್ಕಳು ನಾಳೆ ತಂದೆ ತಾಯಿ ಆಗುತ್ತಾರೆ. ಬ್ರಾಡ್‌ಶಾ ಮತ್ತು ಬ್ರೂಕ್ ಎಂಬ ಇಬ್ಬರು ವಿಜ್ಞಾನಿಗಳು 2014ರಲ್ಲಿ ಲೆಕ್ಕ ಹಾಕಿದರು. ಇಡೀ ಪ್ರಪಂಚಕ್ಕೇ ಒಂದು ಮಗುವಿನ ನಿಯಮ ತಂದರೂ 2100ರಲ್ಲಿ ಜನ ಹೆಚ್ಚುಕಡಿಮೆ ಆಗಿನಷ್ಟೇ ಇರುತ್ತಾರೆ ಎಂದು ಬಂತು. ಹೊಗೆ ಇಳಿಸಲು ನಮಗಿರುವುದು ಇಪ್ಪತ್ತು ಮೂವತ್ತು ವರ್ಷ. 2024ರಲ್ಲೇ ವರ್ಷದ ಸರಾಸರಿ ತಾಪ, ಕೈಗಾರಿಕೆಗಿಂತ ಹಿಂದಿನ ಕಾಲಕ್ಕೆ ಹೋಲಿಸಿದರೆ ಒಂದೂವರೆ ಡಿಗ್ರಿ ದಾಟಿತು.

ಕಡ್ಡಾಯ ಎಂದರೆ ಏನು ಎಂದು ನಮ್ಮ ದೇಶ ನೋಡಿದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕಿಂತ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಬಲವಂತಕ್ಕೆ ಸಿಕ್ಕಿದವರಲ್ಲಿ ಹೆಚ್ಚಿನವರು ಬಡವರು. ಕೇರಳದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದೆಯೇ ಕುಟುಂಬಗಳು ಎರಡು ಮಕ್ಕಳಿಗೆ ಇಳಿದವು. ಅದಕ್ಕೆ ಹುಡುಗಿಯರ ಶಾಲೆ ಬೇಕಾಯಿತು, ದಾದಿಯರು ಬೇಕಾಯಿತು. ಈಗ ಇಡೀ ದೇಶದ ಸರಾಸರಿಯೂ 2.0ಕ್ಕೆ ಬಂದಿದೆ. ಪ್ರಪಂಚದಲ್ಲಿ ಇವತ್ತಿಗೂ ಸುಮಾರು ಅರ್ಧದಷ್ಟು ಗರ್ಭಗಳು ಬೇಕೆಂದು ಆದವಲ್ಲ. ಆ ಹೆಂಗಸರಿಗೆ ಬೇಕಾದ ಔಷಧ, ಬೇಕಾದ ಮಾಹಿತಿ ಸಿಗಲೇಬೇಕು. ಅವರ ಬದುಕಿಗೋಸ್ಕರವೇ ಸಿಗಬೇಕು.

ಬಡವರೆಲ್ಲ ಶ್ರೀಮಂತರ ಹಾಗೆ ಬದುಕಲು ಹೊರಟರೆ? ಆಗ ತಲೆ ಎಣಿಸಲೇಬೇಕಲ್ಲ?

ನನ್ನನ್ನು ನಿಜವಾಗಿ ಕಾಡುವ ಪ್ರಶ್ನೆ ಇದೇ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ 2080ರ ದಶಕದಲ್ಲಿ ಜನ ಸುಮಾರು 1,030 ಕೋಟಿಗೆ ಮುಟ್ಟಿ ಆಮೇಲೆ ಇಳಿಯುತ್ತಾರೆ. ಅಷ್ಟೂ ಜನ ಇವತ್ತಿನ ಅಮೆರಿಕದವರಂತೆ 14 ಟನ್ ಉರಿಸಿದರೆ ಈಗಿನದರ ನಾಲ್ಕು ಪಟ್ಟು ಹೊಗೆ ಆಗುತ್ತದೆ. ಭೂಮಿ ತಡೆಯುವುದಿಲ್ಲ. ಆದರೆ ಈಗಿನ 800 ಕೋಟಿ ಜನರೇ ಹಾಗೆ ಬದುಕಿದರೂ ಭೂಮಿ ತಡೆಯುವುದಿಲ್ಲ. ಹಾಗಾದರೆ ಬದಲಾಗಬೇಕಾದ್ದು ಆ 14 ಟನ್. ಒಂದು ಲೈಟು, ಒಂದು ಫ್ರಿಜ್ಜು, ಮಳೆ ಸೋರದ ಮನೆ, ಮಗುವಿಗೆ ಆಸ್ಪತ್ರೆ, ಇಷ್ಟನ್ನು ಎಲ್ಲರಿಗೂ ಕೊಡಲು ಅಷ್ಟು ಬೇಡ. ಅವರು ಏರಲು ಜಾಗ ಬೇಕು. ಜಾಗ ಬಿಡಬೇಕಾದವರು ಮೇಲಿರುವವರು, ಅದರಲ್ಲಿ ತಿಂಗಳ ಸಂಬಳ ಬರುವ ನನ್ನಂಥವರೂ ಸೇರಿದ್ದೇವೆ.

ತಪ್ಪು ಮಾಡುವುದು ಕಂಪೆನಿ, ಸರಕಾರ. ನಾವು ಫ್ಯಾನು ಆಫ್ ಮಾಡಿ ಎಂತ ಆಗ್ಬೇಕು?

ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ನೆನಪು ಮಾಡಿಕೊಳ್ಳಿ. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ನಮ್ಮ ಗುಡ್ಡಗಳ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಅದೇ ನೀರು ಸುರಂಗಕ್ಕೆ, ತೋಡಿಗೆ ಇಳಿಯಿತು. ಎನ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳ ಮನೆಗಳಲ್ಲಿ ಕಾಯಿಲೆ, ಅಂಗವೈಕಲ್ಯದಿಂದ ಮಕ್ಕಳು ಏನಾದರು ಎಂದು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಸಿಂಪಡಿಸಲು ತೀರ್ಮಾನ ಮಾಡಿದವರು ಬೇರೆ, ಅನುಭವಿಸಿದವರು ಬೇರೆ. ಎನ್ಮಕಜೆಯಲ್ಲಿ ಜನ ಜಾಸ್ತಿ ಇದ್ದರು, ಅದಕ್ಕೇ ಹೀಗಾಯಿತು ಎಂದು ಯಾರೂ ಹೇಳಲಿಲ್ಲ. ಅದು ನಿಂತದ್ದು ಊರಿನ ವೈದ್ಯರು, ತಾಯಂದಿರು, ಪತ್ರಕರ್ತರು ಬಿಡದೆ ಕೇಳಿದ್ದಕ್ಕೆ, ಕೋರ್ಟಿಗೆ ಹೋದದ್ದಕ್ಕೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ಅದನ್ನು ನಿಷೇಧಿಸಿತು.

ಹವಾಮಾನದ ವಿಷಯದಲ್ಲೂ ಹಾಗೆ ಕೇಳಲು ತುಂಬಾ ಇದೆ. ಪಂಚಾಯತಿನ ಹತ್ತಿರ ಬಸ್ಸು ಕೇಳಬಹುದು, ಗುಡ್ಡ ಅಗೆಯುವ ಕೋರೆಗೆ ತಡೆ ಕೇಳಬಹುದು, ಶಾಲೆಯ ತಾರಸಿಗೆ ಸೋಲಾರ್ ಕೇಳಬಹುದು. ಫ್ಯಾನು ಕೂಡ ಆಫ್ ಮಾಡಿ. ಅದಕ್ಕೆ ಸಭೆ ಬೇಕಾಗಿಲ್ಲ.

ಒಂದು ಮಗು ಕಡಿಮೆ ಆದರೆ ವರ್ಷಕ್ಕೆ 58 ಟನ್ ಉಳಿತದೆ ಅಂತ ಓದಿದೆ. ಸರ್, ನನಗೆ ಎರಡನೇದು ಬೇಕು ಅಂತ ಉಂಟು. ತಪ್ಪಾ?

ಕೇಳಿದವಳು ನನ್ನ ಹಳೇ ವಿದ್ಯಾರ್ಥಿನಿ. ಎಲ್ಲರೂ ಹೋದ ಮೇಲೆ, ಕುರ್ಚಿ ಮಡಚುವಾಗ, ಮೆಲ್ಲ ಕೇಳಿದಳು.

ಆ ಅಂಕಿ 2017ರ ಒಂದು ಅಧ್ಯಯನದ್ದು. ಅಮೆರಿಕ, ರಷ್ಯಾ, ಜಪಾನಿನ ಬದುಕಿನ ಲೆಕ್ಕ. ಹುಟ್ಟಿದ ಮಗುವಿನ ಹೊಗೆಯಲ್ಲಿ ಅರ್ಧ, ಮೊಮ್ಮಗುವಿನದರಲ್ಲಿ ಕಾಲು, ಹೀಗೆ ಮುಂದಿನ ತಲೆಮಾರುಗಳ ಹೊಗೆಯನ್ನೆಲ್ಲ ತಂದು ತಾಯಿ ತಂದೆಯ ಹೆಸರಿಗೆ ಬರೆಯುತ್ತಾರೆ. ಮುಂದೆಯೂ ಜನ ಇವತ್ತಿನಷ್ಟೇ ಉರಿಸುತ್ತಾರೆ ಎಂದು ಹಿಡಿದರೆ ಮಾತ್ರ 58 ಬರುತ್ತದೆ. ಅವಳ ಮನೆಯಲ್ಲಿ ಇರುವುದು ಒಂದು ಸ್ಕೂಟರು, ಎರಡು ಫ್ಯಾನು. ಅವಳ ಮಗು ದೊಡ್ಡದಾಗುವ 2050ರ ಹೊತ್ತಿಗೆ ಕರೆಂಟು ಯಾವುದರಿಂದ ಬರುತ್ತದೆ ಎನ್ನುವುದರ ಮೇಲೆ ಆ ಮಗುವಿನ ಲೆಕ್ಕ ನಿಂತಿದೆ.

ತಪ್ಪಲ್ಲ ಎಂದೆ. ಆಮೇಲೆ ಒಂದು ವರ್ಷ ಬಿಟ್ಟು ಅವಳ ಮನೆಗೆ ಹೋಗಿದ್ದೆ. ಮಗು ಮಲಗಿತ್ತು. ತೊಟ್ಟಿಲು ಅವಳ ಅಜ್ಜಿಯ ಮನೆಯದು, ಅಂಗಿ ಅಕ್ಕನ ಮಗಳದು.